ಕೊಡಗಿನಲ್ಲಿ ಕೂತು ಕ್ವಿಯರ್ ಪತ್ತೇದಾರಿ, ಪ್ರೇಮಕಥೆ ಬರೆಯುವವರಿಗೊಂದು ಕೈಪಿಡಿ

ಗಂಡು ಗಂಡನ್ನು ಮೆಚ್ಚಿ ಕೊನೆಯ ಪುಟದವರೆಗೂ ಜೊತೆಗಿರುವ ಪ್ರೇಮಕಥೆ, ಒಲಿದ ಇಬ್ಬರು ಹೆಂಗಸರು ಸೇರಿ ಕೊಲೆ ಪತ್ತೆ ಹಚ್ಚುವ ಕಾದಂಬರಿ, ಟ್ರಾನ್ಸ್ ನಾಯಕಿಯ (ಹುಟ್ಟಿದಾಗ ಗಂಡೆಂದು ಬರೆಸಿಕೊಂಡು ಹೆಣ್ಣಾಗಿ ಬದುಕುವವಳ) ಫ್ಯಾಂಟಸಿ. ಇಂಥ ಕ್ವಿಯರ್ ಕಥೆಗಳು, ಅಂದರೆ ಗಂಡು ಹೆಣ್ಣಿನ ರೂಢಿಯಾಚೆಯ ಪ್ರೀತಿ, ಗುರುತಿನ ಕಥೆಗಳು ಕನ್ನಡದಲ್ಲಿ ಬೇಕು ಅನ್ನುವ ಓದುಗರಿದ್ದಾರೆ, ಬರೆಯುವ ಕೈಗಳು ಕಡಿಮೆ. ಕೊಡಗಿನಲ್ಲಿ ಕೂತು ಬರೆಯುವವರಿಗೆ ಇನ್ನೂ ಒಂದು ತೊಡಕು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 5,54,519. ಮನೆತನದ ಹೆಸರು ಹೇಳಿದರೆ ಸಾಕು, ಯಾರ ಮಗ, ಯಾರ ಸೊಸೆ, ಯಾವ ಕಡೆಯ ತೋಟ ಎಲ್ಲ ತಿಳಿಯುತ್ತದೆ. ಆದ್ದರಿಂದ ಇಲ್ಲಿ ಬರವಣಿಗೆಯ ಕಸುಬಿನ ಜೊತೆಗೆ ಹೆಸರು, ಕಾಗದಪತ್ರ, ಮಳೆಗಾಲ ಇವನ್ನೂ ಲೆಕ್ಕ ಹಾಕಿಯೇ ಕೆಲಸ ಶುರು ಮಾಡಬೇಕು.

ಓದುಗರಿಗೆ ಕೊಟ್ಟ ಮಾತು

ಜನಪ್ರಿಯ ಪ್ರಕಾರದ ಕಾದಂಬರಿ ಓದುಗರಿಗೆ ಮೊದಲೇ ಒಂದು ಮಾತು ಕೊಟ್ಟಿರುತ್ತದೆ. ಪ್ರೇಮಕಥೆ ಎಂದು ಹೆಸರಿಟ್ಟರೆ ಇಬ್ಬರೂ ಬದುಕಿರಬೇಕು, ಕೊನೆಗೆ ಜೊತೆಗಿರಬೇಕು. ಪತ್ತೇದಾರಿ ಎಂದರೆ ಕೊಲೆಗಾರ ಯಾರೆಂದು ಊಹಿಸಲು ಬೇಕಾದ ಸುಳಿವುಗಳೆಲ್ಲ ಓದುಗರ ಕಣ್ಣ ಮುಂದೆಯೇ ಬಿದ್ದಿರಬೇಕು. ಕ್ವಿಯರ್ ಕಥೆಗಳಲ್ಲಿ ಹೆಚ್ಚಾಗಿ ಮುರಿಯುವುದು ಈ ಮಾತೇ. ಇಬ್ಬರಲ್ಲಿ ಒಬ್ಬನನ್ನು ಕೊನೆಯ ಅಧ್ಯಾಯದಲ್ಲಿ ಹೊಳೆಗೆ ಹಾರಿಸಿಬಿಟ್ಟರೆ ಕಥೆಗೆ ತೂಕ ಬಂತು ಎಂದು ಬರೆಯುವವರಿಗೆ ಅನ್ನಿಸುತ್ತದೆ. ವಿರಾಜಪೇಟೆಯಲ್ಲೋ ಸೋಮವಾರಪೇಟೆಯಲ್ಲೋ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಅದನ್ನು ಓದುತ್ತಿರುವ ಇಪ್ಪತ್ತರ ಹುಡುಗನಿಗೆ ಅದು ಹೊಸ ಸುದ್ದಿಯಲ್ಲ, ಅವನು ಬೇರೆಯದನ್ನು ಹುಡುಕಿಕೊಂಡು ಬಂದಿದ್ದಾನೆ. ದುರಂತ ಬರೆಯಬೇಕೆಂದರೆ ಬರೆಯಿರಿ, ಆದರೆ ಅದಕ್ಕೆ ಪ್ರೇಮಕಥೆ ಎಂಬ ಹೆಸರು ಬೇಡ.

ಪತ್ತೇದಾರಿಯಲ್ಲಿ ಆಗುವ ತಪ್ಪು ಬೇರೆ ಥರದ್ದು. ‘ಅವನು ಗೇ ಆಗಿದ್ದ’ ಎಂಬುದನ್ನೇ ಕೊನೆಯ ರಹಸ್ಯವಾಗಿಸಿ ಕೊಲೆಯ ಗಂಟು ಬಿಡಿಸುವುದು. ಇದರಿಂದ ಪಾತ್ರವೂ ಸಾಯುತ್ತದೆ, ಒಗಟೂ ಸಾಯುತ್ತದೆ, ಯಾಕೆಂದರೆ ಕ್ವಿಯರ್ ಕಥೆ ಎಂದು ಗೊತ್ತಿದ್ದೇ ಪುಸ್ತಕ ಕೊಂಡವರು ಮೂರನೇ ಅಧ್ಯಾಯದಲ್ಲೇ ಅದನ್ನು ಊಹಿಸಿರುತ್ತಾರೆ. ಕೊಲೆಗೆ ಕಾರಣ ಜಮೀನೋ ಸಾಲವೋ ಹಳೇ ದ್ವೇಷವೋ ಆಗಿರಲಿ. ಪ್ರೀತಿಯ ವಿಷಯ ಎರಡನೇ ಅಧ್ಯಾಯದೊಳಗೆ ಬಯಲಾಗಿರಲಿ.

ಅಳತೆಯ ಲೆಕ್ಕ ಹೀಗಿಟ್ಟುಕೊಳ್ಳಿ. ಡೆಮಿ 1/8 ಆಕಾರದ (ಕಾದಂಬರಿಗಳ ಸಾಮಾನ್ಯ ಅಳತೆ) ಒಂದು ಪುಟಕ್ಕೆ ಸುಮಾರು 200ರಿಂದ 230 ಪದ ಹಿಡಿಯುತ್ತದೆ. 42,000 ಪದ ಬರೆದರೆ ಹೆಚ್ಚುಕಡಿಮೆ 200 ಪುಟ. ಮುದ್ರಣ 16 ಪುಟಗಳ ಫಾರಂ ಲೆಕ್ಕದಲ್ಲಿ ನಡೆಯುವುದರಿಂದ 192 ಅಥವಾ 208ಕ್ಕೆ ಹೊಂದಿಸಿದರೆ ಖಾಲಿ ಹಾಳೆ ಉಳಿಯುವುದಿಲ್ಲ. 1,500 ಪದಗಳ 28 ಅಧ್ಯಾಯ ಎಂದು ಮೊದಲೇ ಹಂಚಿಕೊಂಡರೆ ಅದನ್ನೇ ಧಾರಾವಾಹಿಯಾಗಿಯೂ ಹಾಕಬಹುದು.

ಇಬ್ಬರೂ ‘ಅವನು’ ಆದಾಗ

ಹೆಚ್ಚು ಹೊತ್ತು ತಿನ್ನುವ ಭಾಗ ಇದು. ಗಂಡು ಹೆಣ್ಣಿನ ಕಥೆಯಲ್ಲಿ ‘ಅವನು’, ‘ಅವಳು’ ಎಂದರೆ ಯಾರೆಂದು ತಾನಾಗಿ ತಿಳಿಯುತ್ತದೆ. ಇಬ್ಬರೂ ಗಂಡಸರಾದರೆ ‘ಅವನು ಅವನ ಕೈ ಹಿಡಿದು ಅವನ ಮುಖ ನೋಡಿದ’ ಎಂಬ ವಾಕ್ಯದಲ್ಲಿ ಯಾರ ಕೈ, ಯಾರ ಮುಖ ಎಂದು ಓದುಗರು ಎಣಿಸುತ್ತಾ ಕೂರಬೇಕು, ಅಷ್ಟರಲ್ಲಿ ದೃಶ್ಯ ತಣ್ಣಗಾಗಿರುತ್ತದೆ. ಇದಕ್ಕೆ ಕನ್ನಡದಲ್ಲೇ ಒಳ್ಳೆಯ ದಾರಿಗಳಿವೆ.

ಒಂದು ದೃಶ್ಯ ಒಬ್ಬನ ಕಣ್ಣಿನಿಂದಲೇ ನಡೆಯಲಿ. ಆ ಒಬ್ಬನು ‘ಇವನು’, ಎದುರಿನವನು ‘ಅವನು’. ದೃಶ್ಯ ಮುಗಿಯುವವರೆಗೂ ಇದನ್ನು ಅದಲುಬದಲು ಮಾಡಬೇಡಿ. ‘ಇವನು ಕೈ ಚಾಚಿದ. ಅವನು ಹಿಡಿಯಲಿಲ್ಲ, ಬಿಡಲೂ ಇಲ್ಲ.’ ಎರಡನೆಯದು ‘ತಾನು’, ‘ತನ್ನ’. ‘ಅವನು ತನ್ನ ಕೊಡೆಯನ್ನು ಅವನಿಗೆ ಕೊಟ್ಟ’ ಎಂದರೆ ಕೊಡೆ ಯಾರದು ಎಂಬ ಗೊಂದಲವೇ ಇರದು. ಮೂರನೆಯದು ಕರ್ತೃಪದವನ್ನೇ ಬಿಡುವುದು. ಕನ್ನಡದ ಕ್ರಿಯಾಪದಕ್ಕೆ ಅಷ್ಟು ಹೊರುವ ಬಲವಿದೆ. ಇಷ್ಟಾದರೂ ತಿಳಿಯಾಗದಿದ್ದರೆ ಹೆಸರನ್ನೇ ಬರೆಯಿರಿ. ಒಂದು ಪುಟದಲ್ಲಿ ಹೆಸರು ಆರು ಬಾರಿ ಬಂದರೂ ಯಾರೂ ಬೇಸರ ಪಡುವುದಿಲ್ಲ. ‘ಎತ್ತರದವನು’, ‘ಕಪ್ಪಗಿನವನು’ ಎಂಬ ಬದಲಿ ಹೆಸರುಗಳು ಬಂದರೆ ಬೇಸರ ಪಡುತ್ತಾರೆ. ಇಬ್ಬರ ಹೆಸರೂ ಬೇರೆ ಬೇರೆ ಅಕ್ಷರದಿಂದ ಶುರುವಾಗಿ ಬೇರೆ ಬೇರೆ ದನಿಯಲ್ಲಿ ಮುಗಿಯಲಿ. ಪೊನ್ನಪ್ಪ, ಬೋಪಣ್ಣ, ಬೆಳ್ಯಪ್ಪ ಮೂವರೂ ಒಂದೇ ಕಥೆಯಲ್ಲಿದ್ದರೆ ಕಷ್ಟ. ಪೊನ್ನಪ್ಪ, ರಫೀಕ್ ಆದರೆ ಸುಲಭ.

ಉತ್ತಮ ಪುರುಷದಲ್ಲಿ ನಮ್ಮ ಕ್ರಿಯಾಪದಕ್ಕೆ ಲಿಂಗವಿಲ್ಲ. ‘ಬಂದೆ’, ‘ನೋಡಿದೆ’ ಎಂದು ಇಡೀ ಕಾದಂಬರಿ ಹೇಳಿದರೂ ಹೇಳುವವರು ಯಾರೆಂದು ತಿಳಿಯದು. ನಿರೂಪಕರ ಲಿಂಗ ಮುಚ್ಚಿಟ್ಟು ಆಡಬೇಕಾದ ಥ್ರಿಲ್ಲರಿಗೆ ಇದಕ್ಕಿಂತ ಒಳ್ಳೆಯ ಉಪಕರಣ ಸಿಗದು. ಎಡವುವುದು ಬೇರೆಯವರ ಸಂಭಾಷಣೆಯಲ್ಲಿ. ‘ಬಾರೋ’, ‘ಬಾರೇ’, ‘ಕಣೋ’, ‘ಕಣೇ’, ‘ಅಣ್ಣ’, ‘ಅಕ್ಕ’ ಇವುಗಳಲ್ಲಿ ಒಂದು ನುಸುಳಿದರೂ ಗುಟ್ಟು ರಟ್ಟು. ಹಸ್ತಪ್ರತಿ ಮುಗಿದ ಮೇಲೆ ಈ ಪದಗಳನ್ನು ಒಂದೊಂದಾಗಿ ಹುಡುಕಿ ನೋಡಬೇಕು.

ಟ್ರಾನ್ಸ್ ಪಾತ್ರದ ವಿಷಯದಲ್ಲಿ ನಿಯಮ ಸರಳ. ನಿರೂಪಣೆ ಅವಳನ್ನು ಅವಳ ಹೆಸರಿನಿಂದ, ‘ಅವಳು’ ಎಂದೇ ಕರೆಯುತ್ತದೆ, ಬಾಲ್ಯದ ನೆನಪಿನ ಅಧ್ಯಾಯದಲ್ಲೂ. ಹಳೆಯ ಹೆಸರು, ‘ಅವನು’ ಎಂಬ ಮಾತು ಬರಬೇಕಾದರೆ ಅದು ಇನ್ನೊಂದು ಪಾತ್ರದ ಬಾಯಿಂದ, ಉದ್ಧರಣ ಚಿಹ್ನೆಯ ಒಳಗೇ ಬರಲಿ. ಗಂಡೂ ಅಲ್ಲ ಹೆಣ್ಣೂ ಅಲ್ಲ ಎಂದುಕೊಳ್ಳುವ ಪಾತ್ರಕ್ಕೆ ‘ಅವರು’ ಬಳಸಬಹುದು. ಆದರೆ ಓದುಗರು ಅದನ್ನು ಗೌರವದ ಬಹುವಚನ ಎಂದುಕೊಳ್ಳುವ ಅಪಾಯವಿದೆ. ಮೊದಲ ಅಧ್ಯಾಯದಲ್ಲೇ ಅದೇ ವಯಸ್ಸಿನ ಗೆಳೆಯರನ್ನೆಲ್ಲ ‘ಅವನು’, ‘ಅವಳು’ ಎಂದು ಕರೆದು ಈ ಒಬ್ಬರನ್ನು ಮಾತ್ರ, ಬೈಸಿಕೊಳ್ಳುವಾಗಲೂ, ‘ಅವರು’ ಎಂದೇ ಉಳಿಸಿದರೆ ವಿವರಣೆ ಬೇಕಾಗುವುದಿಲ್ಲ. ‘ಅದು’ ಎಂಬುದನ್ನು ಮಗುವಿಗೆ ಮುದ್ದಿನಿಂದ ಹೇಳುತ್ತೇವೆ, ದೊಡ್ಡವರಿಗೆ ಹೇಳಿದರೆ ಅವಮಾನ. ದುಷ್ಟ ಪಾತ್ರದ ಬಾಯಿಗಷ್ಟೇ ಅದು ಸರಿ.

ಕೊಡಗನ್ನು ತಪ್ಪಿಲ್ಲದೆ ಬರೆಯುವುದು

ಪಾತ್ರಕ್ಕೆ ಮನೆತನದ ಹೆಸರು ಕೊಡುವ ಮುನ್ನ ಎರಡು ಸಲ ಯೋಚಿಸಿ. ಕೊಡವರ ಪ್ರತಿ ಒಕ್ಕದ (ಮನೆತನದ) ಹೆಸರಿನ ಹಿಂದೆಯೂ ಒಂದು ನಿಜವಾದ ಐನ್‌ಮನೆ (ಮೂಲಮನೆ), ನಿಜವಾದ ಕುಟುಂಬ ಇದೆ. ಅರೆಭಾಷೆ ಗೌಡರ ಮನೆ ಹೆಸರುಗಳೂ ಹಾಗೆಯೇ. ಕೊಲೆಗಾರನಿಗೆ ಅಂಥದೊಂದು ಹೆಸರು ಕೊಟ್ಟರೆ ಮಾನನಷ್ಟದ ಮಾತು ಬರಬಹುದು, ನ್ಯಾಯಾಲಯಕ್ಕೆ ಹೋಗುವ ಮುಂಚೆಯೇ ಮನೆ ಬಾಗಿಲಿಗೆ ಜನ ಬರಬಹುದು. ಹೆಸರು ಕಟ್ಟಿಯೇ ತೀರಬೇಕೆಂದಿದ್ದರೆ ‘-ಂಡ’, ‘-ಮಾಡ’ ಅಂತ್ಯ ಇಟ್ಟು ಮೊದಲ ಭಾಗವನ್ನು ಹೊಸದಾಗಿ ಮಾಡಿ, ಆಮೇಲೆ ಕೊಡವ ಹಾಕಿ ಉತ್ಸವದ ಪಂದ್ಯಪಟ್ಟಿಗಳ ಜೊತೆ ತಾಳೆ ನೋಡಿ. 1997ರಿಂದ ನಡೆಯುತ್ತಿರುವ ಆ ಉತ್ಸವದಲ್ಲಿ ಇತ್ತೀಚೆಗೆ ಮುನ್ನೂರಕ್ಕೂ ಹೆಚ್ಚು ಒಕ್ಕಗಳು ತಂಡ ಇಳಿಸುತ್ತವೆ, ಪಟ್ಟಿ ಪತ್ರಿಕೆಗಳಲ್ಲಿ ಬರುತ್ತದೆ. ಬರಿಯ ಹೆಸರಿನಲ್ಲೇ ಕಥೆ ನಡೆಸುವುದು ಇನ್ನೂ ಸಲೀಸು. ಊರು ನಿಜವಿರಲಿ, ತೋಟ ಮಾತ್ರ ಕಲ್ಪಿತವಾಗಿರಲಿ.

ಋತು ತಪ್ಪಿದರೆ ಇಲ್ಲಿನ ಓದುಗರು ಪುಸ್ತಕ ಮುಚ್ಚುತ್ತಾರೆ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೋಬಸ್ಟಾ ಡಿಸೆಂಬರಿನಿಂದ ಫೆಬ್ರವರಿ ಕೊನೆಯವರೆಗೆ. ಫೆಬ್ರವರಿ ಮಾರ್ಚಿನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ, ಕೆಲವೇ ದಿನದಲ್ಲಿ ಬಾಡುತ್ತದೆ. ಹೂವಿನ ಘಮದಲ್ಲಿ ಮೊದಲ ಮುತ್ತು ಬರೆಯಬೇಕೆಂದರೆ ಕಥೆಯ ತಾರೀಕನ್ನು ಅಲ್ಲಿಗೇ ಹೊಂದಿಸಬೇಕು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಲ್ಲಿ ಕೊಡವರ ಮದುವೆ ನಡೆಯುವುದಿಲ್ಲ, ಆದ್ದರಿಂದ ‘ಸುರಿಮಳೆಯಲ್ಲಿ ಕಕ್ಕಡದ ಮದುವೆಮನೆ’ ಸಾಧ್ಯವಿಲ್ಲ. ಜಿಲ್ಲೆಯಲ್ಲಿ ರೈಲಿಲ್ಲ. ಬೆಂಗಳೂರಿಗೆ ಓಡಿಹೋಗುವ ಜೋಡಿ ಬಸ್ಸಿನಲ್ಲೋ ಜೀಪಿನಲ್ಲೋ ಜಿಲ್ಲೆ ದಾಟಬೇಕು, ಆ ಬಸ್ಸಿನಲ್ಲಿ ಗುರುತಿನವರು ಇದ್ದೇ ಇರುತ್ತಾರೆ. ಕಥೆಗೆ ಇದು ಒಳ್ಳೆಯ ಬಿಕ್ಕಟ್ಟು.

ರಾತ್ರಿ ತೋಟದಲ್ಲಿ ಗುಟ್ಟಾಗಿ ಭೇಟಿಯಾಗುವ ದೃಶ್ಯ ಎಲ್ಲರೂ ಬರೆಯುತ್ತಾರೆ. ಸಿದ್ದಾಪುರ, ಪೊನ್ನಂಪೇಟೆ ಕಡೆಯ ತೋಟಗಳಲ್ಲಿ ಕತ್ತಲಾದ ಮೇಲೆ ಆನೆ ಭಯಕ್ಕೆ ಯಾರೂ ನಡೆದು ಹೋಗುವುದಿಲ್ಲ. ಭೇಟಿ ಕಣದ ಪಕ್ಕದ ಗೋದಾಮಿನಲ್ಲಾಗಲಿ, ಬೆಳಗಿನ ಹಾಲಿನ ಹೊತ್ತಿನಲ್ಲಾಗಲಿ. ತೋಟವೆಂದರೆ ಏಕಾಂತ ಎಂದುಕೊಳ್ಳಬೇಡಿ. ಲೈನ್ ಮನೆಯವರು (ಸಾಲುಮನೆಯ ಕೆಲಸಗಾರರು), ರೈಟರು (ತೋಟದ ಗುಮಾಸ್ತರು), ಜೀಪ್ ಡ್ರೈವರು ಎಲ್ಲರ ಕಣ್ಣೂ ಇರುತ್ತದೆ. ಅವರನ್ನು ಬರಿಯ ಸಾಕ್ಷಿಗಳಾಗಿ ನಿಲ್ಲಿಸದೆ ಒಬ್ಬರಿಗಾದರೂ ಸ್ವಂತ ಬಯಕೆ ಕೊಡಿ. ಯರವ ಅಥವಾ ಕುರುಬ ಬುಡಕಟ್ಟಿನ ಹುಡುಗಿಯೂ ಪ್ರೇಮಕಥೆಯ ನಾಯಕಿಯಾಗಬಹುದು.

ಪತ್ತೇದಾರಿ ಬರೆಯುವವರು ಕೋವಿಯ ಕಾನೂನು ತಿಳಿದಿರಬೇಕು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ, ವಿನಾಯಿತಿ ಪತ್ರ ಜಿಲ್ಲಾಡಳಿತ ಕೊಡುತ್ತದೆ. ‘ಮನೆಯಲ್ಲಿ ಕೋವಿ ಸಿಕ್ಕಿತು, ಅವನೇ ಕೊಲೆಗಾರ’ ಎಂಬ ಸುಳಿವು ಇಲ್ಲಿ ನಿಲ್ಲುವುದಿಲ್ಲ. ಈಗ ತಾಲ್ಲೂಕು ಐದು: ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಪೊನ್ನಂಪೇಟೆ, ಕುಶಾಲನಗರ.

ಭಾಷೆಯ ವಿಷಯ ಚುಟುಕಾಗಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು ಎಲ್ಲ ಒಂದೇ ಪೇಟೆಯಲ್ಲಿ ಕೇಳುತ್ತವೆ. ಪುಟ್ಟ ಪುಟ್ಟ ಮಾತುಗಳನ್ನು ಮಾತ್ರ ಹಾಗೇ ಇಡಿ, ಆ ಭಾಷೆ ಮನೆಮಾತಾಗಿರುವವರಿಂದ ಓದಿಸಿ, ಉಳಿದದ್ದು ಕನ್ನಡದಲ್ಲೇ ಇರಲಿ.

ಕಥೆ ಯಾವ ಇಸವಿಯದು?

ಬ್ಲ್ಯಾಕ್‌ಮೇಲ್ ಇರುವ ಕಥೆಗೆ ಇದು ಜೀವಾಳ. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮು 1862ರಲ್ಲಿ ಜಾರಿಗೆ ಬಂತು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು ಅದರಿಂದ ಹೊರಗಿಟ್ಟಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. 2018ರ ಸೆಪ್ಟೆಂಬರ್ 6ರಂದು ಸಂವಿಧಾನ ಪೀಠ ಮತ್ತೆ ಹೊರಗಿಟ್ಟಿತು. ಪೊಲೀಸರಿಗೆ ಹೇಳುತ್ತೇನೆ ಎಂಬ ಬೆದರಿಕೆ 2015ರ ಕಥೆಯಲ್ಲಿ ನಡೆಯುತ್ತದೆ, 2020ರ ಕಥೆಯಲ್ಲಿ ನಡೆಯುವುದಿಲ್ಲ. ಮನೆಯವರಿಗೆ ಹೇಳುತ್ತೇನೆ ಎಂಬ ಬೆದರಿಕೆ ಮಾತ್ರ ಎರಡರಲ್ಲೂ ನಡೆಯುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದವು, ತೀರ್ಪು ಬಂದದ್ದು ಮುಂದಿನ ತಿಂಗಳು. ನಿರಾಶ್ರಿತರ ಶಿಬಿರದಿಂದ ಆಗಷ್ಟೇ ಹೊರಬಂದ ಜೋಡಿಯ ಕಥೆಯನ್ನು ಆ ವಾರಗಳಲ್ಲಿ ಇಟ್ಟು ಯಾರಾದರೂ ಬರೆಯಬೇಕು.

ಸಲಿಂಗ ಜೋಡಿಗೆ ಮದುವೆಯ ಹಕ್ಕು ಇಲ್ಲ ಎಂದು 2023ರ ಅಕ್ಟೋಬರ್ 17ರ ಸುಪ್ರೀಂ ಕೋರ್ಟ್ ತೀರ್ಪು ಹೇಳಿದೆ. ಕೊನೆಯ ಅಧ್ಯಾಯದಲ್ಲಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಇಬ್ಬರು ಹೆಂಗಸರ ಮದುವೆ ನೋಂದಣಿ ಮಾಡಿಸಿದರೆ ಅದು ತಪ್ಪು. ಜಂಟಿ ಬ್ಯಾಂಕ್ ಖಾತೆ ತೆರೆಸಿ, ಸಂಗಾತಿಯನ್ನು ನಾಮಿನಿ ಮಾಡಿಸಿ. ಇದಕ್ಕೆ ಅಡ್ಡಿಯಿಲ್ಲ ಎಂದು ಕೇಂದ್ರ ಹಣಕಾಸು ಇಲಾಖೆ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ಬ್ಯಾಂಕಿನ ಕೌಂಟರಿನಲ್ಲಿ ಇಬ್ಬರೂ ಒಂದೇ ಅರ್ಜಿಗೆ ಸಹಿ ಹಾಕುವುದು ಚೆನ್ನಾಗಿ ಬರೆದರೆ ತಾಳಿ ಕಟ್ಟುವುದಕ್ಕಿಂತ ಕಡಿಮೆ ದೃಶ್ಯವಲ್ಲ. ಟ್ರಾನ್ಸ್ ಪಾತ್ರದ ಗುರುತಿನ ಚೀಟಿ, ಕಾಗದಪತ್ರದ ಪ್ರಸಂಗಗಳಿಗೆ 2014ರ ಏಪ್ರಿಲ್ 15ರ ಸುಪ್ರೀಂ ಕೋರ್ಟ್ ತೀರ್ಪನ್ನೂ (ನಾಲ್ಸಾ) 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯನ್ನೂ ಓದಿಕೊಳ್ಳಿ.

ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದ ಪ್ರಣಯ ಬರೆಯುವವರಿಗೆ ಒಂದು ಎಚ್ಚರಿಕೆ. ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿದ್ದು 1834ರಲ್ಲಿ. ಐರೋಪ್ಯರ ದೊಡ್ಡ ಕಾಫಿ ತೋಟಗಳು ಬಂದದ್ದು 1850ರ ದಶಕದಲ್ಲಿ. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. 1820ರ ಸೈನಿಕರಿಬ್ಬರು ಸಿಲ್ವರ್ ಓಕಿಗೆ ಒರಗಿ ಕಾಫಿ ತೋಟ ನೋಡುವಂತಿಲ್ಲ. ಗದ್ದೆ, ಏಲಕ್ಕಿ ಮಲೆ, ದೇವರಕಾಡು ಇದ್ದವು.

ಪ್ರಣಯದ ದೃಶ್ಯದಲ್ಲಿರುವ ಪ್ರತಿ ಪಾತ್ರಕ್ಕೂ 18 ತುಂಬಿರಬೇಕು, ವಯಸ್ಸು ಪುಟದಲ್ಲೇ ಸ್ಪಷ್ಟವಾಗಿರಬೇಕು. ‘ಪಿಯುಸಿ ಓದುವ’ ಎಂದು ಬರೆದು ತಪ್ಪಿಸಿಕೊಳ್ಳಲು ಬರುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮು ಆನ್‌ಲೈನ್ ಅಶ್ಲೀಲತೆಗೆ ಮೊದಲ ಸಲಕ್ಕೇ ಮೂರು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಧಾರಾವಾಹಿಗೆ ಹಾಕುವ ಪ್ರತಿಯಲ್ಲಿ ದೇಹದ ವರ್ಣನೆಯನ್ನು ಬಾಗಿಲು ಮುಚ್ಚುವಲ್ಲಿಗೆ ನಿಲ್ಲಿಸಿ. ಕೋಣೆಯ ಒಳಗೆ ಹೋದ ಮೇಲೆ ಆಡುವ ಮಾತು ಪ್ರೇಮಕಥೆಗೆ ಹೆಚ್ಚು ಮುಖ್ಯ, ಅದನ್ನು ಬಿಡಬೇಡಿ.

ಯಾವ ತಿಂಗಳು ಯಾವ ಕೆಲಸ

ಮೊದಲ ಕರಡು ಜೂನ್‌ನಿಂದ ಆಗಸ್ಟ್. ವಾರಕ್ಕೆ ಐದು ದಿನ, ದಿನಕ್ಕೆ 700 ಪದ, 12 ವಾರ ಎಂದರೆ 42,000 ಪದ. ಕಕ್ಕಡದಲ್ಲಿ ಮದುವೆ ಮುಂಜಿ ಇಲ್ಲದ್ದರಿಂದ ಕರೆಯೋಲೆಗಳ ಕಾಟ ಕಡಿಮೆ, ಸಂಜೆಗಳು ಉಳಿಯುತ್ತವೆ. ಕೈಲ್‌ಪೊಳ್ದ್ (ಸೆಪ್ಟೆಂಬರ್ ಮೊದಲಲ್ಲಿ ಬರುವ ಕೊಡವರ ಆಯುಧ ಹಬ್ಬ) ಮುಗಿದ ಮೇಲೆ ಹಸ್ತಪ್ರತಿಯನ್ನು ಮೂರು ವಾರ ಮುಟ್ಟದೆ ಇಡಿ. ಅಕ್ಟೋಬರ್, ನವೆಂಬರ್ ತಿದ್ದುಪಡಿಗೆ. ಸುಗ್ಗಿ ಹಬ್ಬ ಪುತ್ತರಿಯ ನಂತರ ಕೊಯ್ಲು ಜೋರಾದಾಗ ತೋಟದ ಮನೆಯಲ್ಲಿರುವವರಿಗೆ ಬರೆಯಲು ಆಗುವುದಿಲ್ಲ, ಆಗ ಹಸ್ತಪ್ರತಿ ಓದುಗರ ಕೈಯಲ್ಲಿರಲಿ. ಇಬ್ಬರು ಸಾಕು, ಕ್ವಿಯರ್ ಬದುಕು ಗೊತ್ತಿರುವ ಒಬ್ಬರು, ಕೊಡಗು ಗೊತ್ತಿರುವ ಒಬ್ಬರು. ‘ಹೇಗಿದೆ’ ಎಂದು ಕೇಳಬೇಡಿ. ಎಲ್ಲಿ ಓದುವುದು ನಿಲ್ಲಿಸಿದಿರಿ, ಯಾರು ಮಾತಾಡುತ್ತಿದ್ದಾರೆಂದು ಎಲ್ಲಿ ಗೊಂದಲವಾಯಿತು, ಕೊಲೆಗಾರ ಯಾರೆಂದು ಯಾವ ಪುಟದಲ್ಲಿ ಗೊತ್ತಾಯಿತು ಎಂದು ಕೇಳಿ. ಮಾರ್ಚ್, ಏಪ್ರಿಲಿನಲ್ಲಿ ಕೊನೆಯ ಪ್ರತಿ. ಆಗ ಪ್ರಕಾಶಕರಿಗೆ ಕೊಟ್ಟರೆ ನವೆಂಬರಿನ ರಾಜ್ಯೋತ್ಸವದ ಪುಸ್ತಕ ಮಾರಾಟಕ್ಕೆ ಸಿದ್ಧವಾಗಲು ಸಮಯವಿರುತ್ತದೆ.

ಮಳೆಗಾಲದಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಬರದಿರಬಹುದು. ಕೈಯಲ್ಲಿ ಬರೆಯುವ ಅಭ್ಯಾಸ ಬಿಡಬೇಡಿ, ಆದರೆ ಇಂಕು ಪೆನ್ನು ಬೇಡ, ತೇವದ ಹಾಳೆಯ ಮೇಲೆ ಹರಡುತ್ತದೆ. ಕಡತದ ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಕ್ಲೌಡಿನಲ್ಲಿ ಇರಲಿ. ಪೆನ್‌ಡ್ರೈವನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಧಾರಾವಾಹಿ ಮಾಡುವುದಾದರೆ ಕನಿಷ್ಠ ಹತ್ತು ಅಧ್ಯಾಯ ಕೈಯಲ್ಲಿಟ್ಟುಕೊಂಡೇ ಶುರು ಮಾಡಿ. ನೆಟ್‌ವರ್ಕ್ ಹೋದ ವಾರ ಅಧ್ಯಾಯ ತಪ್ಪಿದರೆ ಓದುಗರು ಚದುರಿಹೋಗುತ್ತಾರೆ.

ಕಾವ್ಯನಾಮ

ಸ್ವಂತ ಹೆಸರಿನಲ್ಲೇ ಬರೆಯುವ ಧೈರ್ಯ ಮತ್ತು ಅನುಕೂಲ ಇರುವವರು ಹಾಗೇ ಬರೆಯಲಿ. ಉಳಿದವರಿಗೆ ಕಾವ್ಯನಾಮ ನಾಚಿಕೆಯ ವಿಷಯವಲ್ಲ, ಅದೊಂದು ರಕ್ಷಣೆ. ಆದರೆ ಅರ್ಧಂಬರ್ಧ ಕಾವ್ಯನಾಮ ಅಪಾಯ. ಅದು ಒಡೆಯುವುದು ಹೆಚ್ಚಾಗಿ ಸಣ್ಣ ಜಾಗಗಳಲ್ಲಿ.

ಹೆಸರಿನಲ್ಲಿ ಮನೆತನ, ಊರು, ‘ಕಾವೇರಿ’, ‘ಕೂರ್ಗ್’ ಯಾವುದೂ ಬೇಡ. ಎರಡು ಸಾಮಾನ್ಯ ಕನ್ನಡ ಹೆಸರು ಸೇರಿಸಿ, ಕನ್ನಡ ಮತ್ತು ರೋಮನ್ ಎರಡೂ ಲಿಪಿಯಲ್ಲಿ ಹುಡುಕಿ, ಬೇರೆ ಲೇಖಕರಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಆ ಹೆಸರಿಗೊಂದು ಹೊಸ ಇಮೇಲ್ ಬೇಕು. ಅದರ ಮರುಪ್ರಾಪ್ತಿ ಸಂಖ್ಯೆಯಾಗಿ ಮನೆಯವರ ಫೋನು ಕೊಡಬೇಡಿ. ದಿನಬಳಕೆಯ ನಂಬರಿನಿಂದ ಪ್ರಕಾಶಕರಿಗೆ ಕರೆ ಮಾಡಿದರೆ ಟ್ರೂಕಾಲರ್ ನಿಮ್ಮ ನಿಜ ಹೆಸರು ತೋರಿಸುತ್ತದೆ. ಓದುಗರಿಗೆ ನೇರವಾಗಿ ಪುಸ್ತಕ ಮಾರಲು ಯುಪಿಐ ಕ್ಯೂಆರ್ ಕೊಟ್ಟರೆ ಹಣ ಹಾಕುವವರ ಪರದೆಯ ಮೇಲೆ ಬ್ಯಾಂಕ್ ಖಾತೆಯ ಹೆಸರೇ ಬರುತ್ತದೆ. ಹೆಚ್ಚು ಜನರ ಗುಟ್ಟು ರಟ್ಟಾಗುವುದು ಇಲ್ಲೇ. ಮಾರಾಟ ಪ್ರಕಾಶಕರ ಅಥವಾ ಪುಸ್ತಕದಂಗಡಿಯ ಮೂಲಕವೇ ನಡೆಯಲಿ.

ವರ್ಡ್ ಕಡತದಲ್ಲಿ ‘ಫೈಲ್’, ‘ಇನ್ಫೋ’, ‘ಚೆಕ್ ಫಾರ್ ಇಶ್ಯೂಸ್’, ‘ಇನ್‌ಸ್ಪೆಕ್ಟ್ ಡಾಕ್ಯುಮೆಂಟ್’ ಒತ್ತಿ ಲೇಖಕರ ಹೆಸರಿನ ಮಾಹಿತಿ ಅಳಿಸಿ. ಟಿಪ್ಪಣಿಗಳಲ್ಲೂ ತಿದ್ದುಪಡಿಗಳಲ್ಲೂ ಹೆಸರು ಅಂಟಿಕೊಂಡಿರುತ್ತದೆ. ಗೂಗಲ್ ಡಾಕ್ಸ್ ಹಂಚುವಾಗ ಯಾವ ಖಾತೆಯಲ್ಲಿದ್ದೀರಿ ನೋಡಿಕೊಳ್ಳಿ. ಫೋಟೋದೊಳಗೆ ತೆಗೆದ ಜಾಗದ ವಿವರ ಇರುತ್ತದೆ, ತೆಗೆದುಹಾಕಿ. ಮನೆಯ ಜಗಲಿ, ಗೇಟು, ಎದುರಿನ ಬೆಟ್ಟದ ಸಾಲು ಕಾಣುವ ಚಿತ್ರ ಹಾಕಬೇಡಿ, ಬೆಟ್ಟದ ಸಾಲು ನೋಡಿ ತೋಟ ಗುರುತಿಸುವವರು ಇಲ್ಲಿ ಬೇಕಾದಷ್ಟು ಜನ. ಆಡಿಯೊ ಪುಸ್ತಕಕ್ಕೆ ಬೇರೆಯವರ ದನಿ ಇರಲಿ. ಕೊರಿಯರಿನವರು ತೋಟದವರೆಗೆ ಬರದೆ ಪೇಟೆಯ ಅಂಗಡಿಯಲ್ಲಿ ಪಾರ್ಸೆಲ್ ಬಿಟ್ಟುಹೋಗುವುದುಂಟು. ಪೊಟ್ಟಣದ ಹೊರಗೆ ಪುಸ್ತಕದ ಹೆಸರು ಬರೆಯದಂತೆ ಪ್ರಕಾಶಕರಿಗೆ ಮೊದಲೇ ಹೇಳಿಡಿ.

ನಿಜ ಹೆಸರು ಯಾರ ಯಾರಿಗೆ ಗೊತ್ತು ಎಂಬ ಪಟ್ಟಿ ಮನಸ್ಸಿನಲ್ಲಿರಲಿ. ಪ್ರಕಾಶಕರು, ಸಂಗಾತಿ ಅಥವಾ ಆಪ್ತ ಗೆಳೆಯರೊಬ್ಬರು, ಲೆಕ್ಕಪತ್ರ ನೋಡುವವರು. ಮನೆಯವರೆಲ್ಲರ ಲೆಕ್ಕ ನೋಡುವ ಆಡಿಟರೇ ನಿಮ್ಮದನ್ನೂ ನೋಡುತ್ತಿದ್ದರೆ ರಾಯಧನದ ಮೇಲೆ ಕಡಿತವಾದ ತೆರಿಗೆ ಅವರ ಕಣ್ಣಿಗೆ ಬೀಳುತ್ತದೆ. ಬೇರೆ ಊರಿನ ಇನ್ನೊಬ್ಬರನ್ನು ಹಿಡಿಯುವುದು ಲೇಸು.

ಕಡತ, ಕರಾರು, ದುಡ್ಡು

ಯೂನಿಕೋಡಿನಲ್ಲಿ ಬರೆದದ್ದನ್ನು ಡಿಟಿಪಿಯವರು (ಪುಟ ಜೋಡಿಸುವವರು) ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿಗೆ ಪರಿವರ್ತಿಸಿದಾಗ ಅಕ್ಷರ ಕೆಡುತ್ತದೆ. ಎಲ್ಲಿ ಕೆಡುತ್ತದೆ ಎಂದು ಗೊತ್ತಿದ್ದರೆ ಕರಡು ತಿದ್ದುವುದು ಬೇಗ. ‘ರಫೀಕ್‌ನ’ ಎಂಬಲ್ಲಿ ಕಣ್ಣಿಗೆ ಕಾಣದ ವಿಭಜಕ ಚಿಹ್ನೆ ಬಿದ್ದುಹೋಗಿ ‘ರಫೀಕ್ನ’ ಆಗುತ್ತದೆ. ಹೆಸರಿನ ಕೊನೆ ವ್ಯಂಜನವಾಗಿರುವ ಪಾತ್ರಗಳನ್ನೆಲ್ಲ ಹುಡುಕಿ ನೋಡಬೇಕು. ‘ಸೂರ್ಯ’ದ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಜಾರುತ್ತದೆ. ‘ಮಡಿಕೇರಿ’ಯ ದೀರ್ಘ ಹಾರುತ್ತದೆ. ‘ಅವನು’, ‘ಅವಳು’ ಅದಲುಬದಲಾಗುವುದಕ್ಕೆ ಫಾಂಟು ಕಾರಣವಲ್ಲ. ಕರಡು ತಿದ್ದುವವರು ತಪ್ಪು ಎಂದುಕೊಂಡು ‘ಸರಿಪಡಿಸುತ್ತಾರೆ’. ಹಸ್ತಪ್ರತಿಯ ಮೊದಲ ಹಾಳೆಯಲ್ಲೇ ‘ಇಬ್ಬರೂ ಗಂಡಸರು, ಬದಲಿಸಬೇಡಿ’ ಎಂದು ದಪ್ಪಗೆ ಬರೆದಿಡಿ.

ಕರಾರು ಬಾಯಿಮಾತಲ್ಲಿ ಬೇಡ. ಹಕ್ಕುಸ್ವಾಮ್ಯ ಕಾಯ್ದೆ 1957ರ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾಯ್ದೆ ಭಾವಿಸುತ್ತದೆ. ಬೇರೆ ಮಾತಾಗದಿದ್ದರೆ, ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದಲ್ಲಿ ಬಳಸದ ಹಕ್ಕು ಬಿದ್ದುಹೋಗುತ್ತದೆ. ಮುದ್ರಣದ ಹಕ್ಕು ಮಾತ್ರ ಕೊಡಿ. ಇ-ಪುಸ್ತಕ, ಆಡಿಯೊ, ಅನುವಾದ, ಸಿನಿಮಾ ಇವನ್ನು ಬೇರೆ ಬೇರೆಯಾಗಿ ಹೆಸರಿಸಿ ಉಳಿಸಿಕೊಳ್ಳಿ. ಕರಾರಿನಲ್ಲಿ ನಿಜ ಹೆಸರು, ಪುಸ್ತಕದಲ್ಲಿ ಕಾವ್ಯನಾಮ, ಮತ್ತು ‘ಲೇಖಕರ ಲಿಖಿತ ಒಪ್ಪಿಗೆಯಿಲ್ಲದೆ ಗುರುತು ಬಹಿರಂಗಪಡಿಸತಕ್ಕದ್ದಲ್ಲ’ ಎಂಬ ಒಂದು ಸಾಲು. ಮುಖಪುಟ ಮತ್ತು ಬೆನ್ನುಡಿಗೆ ನಿಮ್ಮ ಒಪ್ಪಿಗೆ ಬೇಕೆಂದು ಬರೆಸಿ. ಇಲ್ಲದಿದ್ದರೆ ಇಬ್ಬರು ಹೆಂಗಸರ ಪ್ರೇಮಕಥೆಯನ್ನು ‘ಅಪೂರ್ವ ಸ್ನೇಹದ ಕಥೆ’ ಎಂದು ಮಾರುವುದುಂಟು, ಬೇಕಾದ ಓದುಗರಿಗೆ ಅದು ಸಿಗುವುದೇ ಇಲ್ಲ. ಬೆನ್ನುಡಿಯಲ್ಲಿ ‘ಸಲಿಂಗಪ್ರೇಮ’, ‘ಕ್ವಿಯರ್’, ‘ಲೆಸ್ಬಿಯನ್’ ಎಂಬ ಪದ ನೇರವಾಗಿ ಇರಲಿ, ಹುಡುಕುವವರು ಆ ಪದಗಳಿಂದಲೇ ಹುಡುಕುತ್ತಾರೆ.

ಸ್ವಂತವಾಗಿ ಪ್ರಕಟಿಸುವವರಿಗೆ ಐಎಸ್‌ಬಿಎನ್ (ಪುಸ್ತಕದ ಗುರುತು ಸಂಖ್ಯೆ) ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಸಂಸ್ಥೆಯಿಂದ ಉಚಿತವಾಗಿ ಸಿಗುತ್ತದೆ. ಹಕ್ಕುಸ್ವಾಮ್ಯದ ನೋಂದಣಿ ಕಡ್ಡಾಯವಲ್ಲ, ಮತ್ತು ನೋಂದಣಿ ಪುಸ್ತಕ ಯಾರು ಬೇಕಾದರೂ ನೋಡಬಹುದಾದದ್ದು. ಕಾವ್ಯನಾಮದವರು ಇದನ್ನು 500 ರೂಪಾಯಿ ಕಟ್ಟುವ ಮುನ್ನ ಯೋಚಿಸಬೇಕು. ಇ-ಪುಸ್ತಕ, ಧಾರಾವಾಹಿಗೆ ಮೈಲ್ಯಾಂಗ್, ಪ್ರತಿಲಿಪಿಯಂಥ ವೇದಿಕೆಗಳಿವೆ.

ಹಣದ ಚಿತ್ರ ಬಿಡಿಸಿ ನೋಡಿ. 250 ರೂಪಾಯಿ ಬೆಲೆ, ನೂರಕ್ಕೆ ಹತ್ತು ರಾಯಧನ ಎಂದರೆ ಪ್ರತಿಗೆ 25 ರೂಪಾಯಿ. 500 ಪ್ರತಿ ಮಾರಾಟವಾದರೆ 12,500. ಒಂದೇ ಕಾದಂಬರಿಯಿಂದ ಜೀವನ ಸಾಗದು. ಒಂದೇ ಪತ್ತೇದಾರಿಣಿಯ ಐದು ಕಾದಂಬರಿ ಇದ್ದರೆ ಹೊಸದು ಬಂದಾಗಲೆಲ್ಲ ಹಳೆಯದೂ ಮಾರುತ್ತದೆ, ಪ್ರಕಾರದ ಬರವಣಿಗೆಗೆ ಇರುವ ದೊಡ್ಡ ಅನುಕೂಲವೇ ಇದು. ಆದ್ದರಿಂದ ಮೊದಲ ಪುಸ್ತಕದಲ್ಲೇ ನಾಯಕಿಗೆ ಮುಂದಿನ ಕಥೆಗಳಿಗೆ ಬೇಕಾದ ಕಸುಬು ಕೊಡಿ: ವಕೀಲೆ, ಪಶುವೈದ್ಯೆ, ಅಂಚೆ ಕಚೇರಿಯವಳು, ಹತ್ತು ಮನೆಯೊಳಗೆ ಕಾಲಿಡಲು ಕಾರಣವಿರುವ ಯಾರಾದರೂ. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಸಾಹಿತ್ಯ ಕೃತಿಯ ರಾಯಧನದಲ್ಲಿ ವರ್ಷಕ್ಕೆ 3 ಲಕ್ಷದವರೆಗೆ ವಿನಾಯಿತಿ ಇದೆ, ಹೊಸ ಪದ್ಧತಿಯಲ್ಲಿ ಇಲ್ಲ. ಕಾಫಿಯ ಆದಾಯದ ಜೊತೆ ಇದನ್ನು ಬೆರೆಸಿ ತೋರಿಸಬೇಡಿ.

ಉಯಿಲು

ಇದನ್ನು ಬಹಳ ಜನ ಮರೆಯುತ್ತಾರೆ. ಲೇಖಕರ ಮರಣದ ನಂತರವೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಕಾವ್ಯನಾಮದ ಕೃತಿಗೆ, ನಿಜ ಹೆಸರು ಹೊರಬರದಿದ್ದರೆ, ಪ್ರಕಟವಾದ ನಂತರ 60 ವರ್ಷ. ನಿಮ್ಮ ಸಂಗಾತಿ ಕಾನೂನಿನ ಕಣ್ಣಿಗೆ ವಾರಸುದಾರರಲ್ಲ. ಏನೂ ಬರೆದಿಡದಿದ್ದರೆ ಹಕ್ಕು ಮನೆಯವರಿಗೆ ಹೋಗುತ್ತದೆ, ಇಷ್ಟವಿಲ್ಲದವರು ಪುಸ್ತಕವನ್ನು ಮರುಮುದ್ರಣವಾಗದಂತೆ ತಡೆಯಬಹುದು. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಬಿಳಿ ಹಾಳೆಯಲ್ಲಿ ಕೃತಿಗಳ ಹೆಸರು, ಕಾವ್ಯನಾಮ, ಹಕ್ಕು ಯಾರಿಗೆ ಎಂದು ಬರೆದು ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ಅವರೂ ನಿಮ್ಮೆದುರೇ ಸಹಿ ಮಾಡಲಿ. ಹಕ್ಕು ಪಡೆಯುವವರು ಸಾಕ್ಷಿಯಾಗುವುದು ಬೇಡ. ಮನೆಯವರು ತಕರಾರು ತೆಗೆಯಬಹುದೆಂಬ ಅನುಮಾನವಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ, ಸ್ವಂತ ತಾಲ್ಲೂಕಿನಲ್ಲಿ ಮುಜುಗರವಾದರೆ ಬೇರೆ ಊರಿನಲ್ಲಿ ಮಾಡಿಸಬಹುದು. ಜೊತೆಗೆ ಇಮೇಲಿನ ಗುಪ್ತಪದ, ಕರಾರಿನ ಪ್ರತಿ, ಕೊನೆಯ ಕಡತ ಎಲ್ಲಿದೆ ಎಂಬ ಒಂದು ಚೀಟಿಯನ್ನು ಲಕೋಟೆಯಲ್ಲಿ ಹಾಕಿ ಸಂಗಾತಿಯ ಕೈಗೆ ಕೊಡಿ. ಗುಪ್ತಪದ ಬದಲಿಸಿದಾಗಲೆಲ್ಲ ಚೀಟಿಯನ್ನೂ ಬದಲಿಸಿ.